ಅವುಡುಗಚ್ಚಿ

ನಮ್ಮ ಭಾಷೆಯಲ್ಲಿ ಹಲ್ಲಿಗೆ ಇರುವ ದುಡಿಮೆ ನೋಡಿದರೆ ಪಾಪ ಎನಿಸುತ್ತದೆ. ಕಚ್ಚುವುದು, ಸೀಳುವುದು, ಅಗಿಯುವುದು ಅದರ ಹುಟ್ಟುಕೆಲಸ. ಅಷ್ಟು ಸಾಲದೆಂದು ಕನ್ನಡಿಗರು ಅದರ ಮೇಲೆ ಇನ್ನೂ ಹೊರಿಸಿದ್ದಾರೆ. ಬೇಡುವಾಗ ಹಲ್ಲು ಗಿಂಜಬೇಕು, ಪೆಚ್ಚಾದಾಗ ಹಲ್ಲು ಕಿರಿಯಬೇಕು, ಹಗೆಯಿದ್ದರೆ ಹಲ್ಲು ಮಸೆಯಬೇಕು, ಸಿಟ್ಟು ಬಂದರೆ ಕಟಕಟ ಕಡಿಯಬೇಕು. ಅಧಿಕಾರ ಹೋದವನು ಹಲ್ಲು ಕಿತ್ತ ಹಾವು. ಅದೃಷ್ಟ ತಡವಾಗಿ ಬಂದವನಿಗೆ ಕಡಲೆ ಇದ್ದಾಗ ಹಲ್ಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿಕೊಂಡು ಬಂದವಳು ನಾನು. ಈ ನುಡಿಗಟ್ಟುಗಳನ್ನು ಬೋರ್ಡಿನ ಮೇಲೆ ಬರೆದು ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಒಂದು ವಿಷಯ ಗಮನಿಸಿ. ಇವುಗಳಲ್ಲಿ ಸದ್ದು ಮಾಡುವ ಹಲ್ಲೆಲ್ಲ ಗಂಡಸರದು. ನಮ್ಮ ಕಡೆಯ ಮೂಡಲಪಾಯದ ಆಟದಲ್ಲಿ ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಹಲ್ಲು ಕಡಿಯುವವನು ಭೀಮ. ಅವನು ಕಡಿದರೆ ಚಾಪೆಯ ಮೇಲೆ ತೂಕಡಿಸುತ್ತಿರುವ ಮಕ್ಕಳಿಗೂ ಎಚ್ಚರವಾಗಬೇಕು. ಹೆಂಗಸರ ಪಾಲಿಗೆ ಬಂದ ಮಾತು ಬೇರೆ. ಅದು ಅವುಡುಗಚ್ಚುವುದು. ಅವುಡು ಎಂದರೆ ಕೆಳದುಟಿ, ದವಡೆ ಎಂದೂ ಬಳಕೆಯುಂಟು. ಕೋಪಕ್ಕೂ ಈ ಮಾತು ಸಲ್ಲುತ್ತದೆ ನಿಜ. ಆದರೆ ನಾನು ಮನೆಗಳಲ್ಲಿ ಕೇಳಿಕೊಂಡು ಬೆಳೆದದ್ದು ಸಹನೆಯ ಅರ್ಥದಲ್ಲೇ. ‘ಅತ್ತೆಯ ಕಾಟಾನ ಹನ್ನೆರಡು ವರ್ಷ ಅವುಡುಗಚ್ಚಿ ಸಹಿಸಿದಳು, ಮಹಾತಾಯಿ’ ಎಂದರೆ ಅದು ದೊಡ್ಡ ಹೊಗಳಿಕೆ. ಇದರಲ್ಲಿ ಸದ್ದೇ ಇಲ್ಲ. ಸದ್ದಿಲ್ಲದಿರುವುದೇ ಅದರ ಹೆಚ್ಚುಗಾರಿಕೆ.

ಈ ಮಾತನ್ನು ದವಡೆ ಅಕ್ಷರಶಃ ಪಾಲಿಸುತ್ತದೆ, ಹಗಲು ಮಾಡದ ಸದ್ದನ್ನು ಅದು ರಾತ್ರಿ ಮಾಡುತ್ತದೆ ಎಂಬುದು ನನಗೆ ತಿಳಿದದ್ದು ಐವತ್ತರ ಹೊಸಿಲಿನಲ್ಲಿ, ಒಂದು ಇಲಿಯ ದೆಸೆಯಿಂದ.

2019ರ ಮಳೆಗಾಲ. ‘ರಾತ್ರಿಯೆಲ್ಲ ಏನೋ ಕರಕರ ಸದ್ದು, ಮಂಚದ ಕೆಳಗೆ ಇಲಿ ಸೇರ್ಕೊಂಡಿದೆ’ ಎಂದು ನಮ್ಮವರು ಅಟ್ಟದ ಮೇಲಿನಿಂದ ಹಳೆಯ ಬೋನು ಇಳಿಸಿದರು. ತಿಪಟೂರಿನವರಿಗೆ ಕೊಬ್ಬರಿಗೆ ಬರವೇ? ಒಳ್ಳೆಯ ಹೋಳನ್ನೇ ಕಟ್ಟಿದರು. ಒಂದು ವಾರ ಬೋನು ಹಾಗೇ ಬಾಯಿ ತೆರೆದುಕೊಂಡು ಕೂತಿತು. ಸದ್ದು ಮಾತ್ರ ನಿಲ್ಲಲಿಲ್ಲ. ಎಂಟನೆಯ ರಾತ್ರಿ ಅವರು ಟಾರ್ಚ್ ಹಿಡಿದು ಕಾದು ಕೂತರಂತೆ. ಬೆಳಿಗ್ಗೆ ಕಾಫಿ ಕೊಡುವಾಗ ಬಹಳ ಸಂಕೋಚದಿಂದ, ‘ನೋಡೇ, ಅದು ಇಲಿಯಲ್ಲ. ನೀನು’ ಎಂದರು.

ನಾನು ನಂಬಲಿಲ್ಲ. ಗೊರಕೆ ಹೊಡೆಯುವವರು ಯಾರು ತಾನೇ ನಂಬುತ್ತಾರೆ? ಮರುದಿನ ಮೊಬೈಲಿನಲ್ಲಿ ಹಿಡಿದಿಟ್ಟು ಕೇಳಿಸಿದರು. ಒರಳುಕಲ್ಲಿಗೆ ಏನೂ ಹಾಕದೆ ಗುಂಡುಕಲ್ಲನ್ನು ಗರಗರ ತಿರುಗಿಸಿದಂಥ ಸದ್ದು. ಚಿಕ್ಕಂದಿನಲ್ಲಿ ನಾವು ಆಟಕ್ಕೆ ಹಾಗೆ ತಿರುಗಿಸಿದರೆ ಅಜ್ಜಿ ಬಯ್ಯುತ್ತಿದ್ದಳು, ‘ಬರೀ ಒರಳು ತಿರುವಬ್ಯಾಡ್ರೇ, ಕಲ್ಲಿಗೆ ಕಲ್ಲು ಸವೀತದೆ’ ಎಂದು. ನನ್ನ ಬಾಯೊಳಗೆ ನಡೆಯುತ್ತಿದ್ದದ್ದೂ ಅದೇ. ಇದಕ್ಕೆ ವೈದ್ಯರು ಬ್ರಕ್ಸಿಸಂ ಎನ್ನುತ್ತಾರೆ. ಗ್ರೀಕ್ ಮೂಲದ ಪದ, ಅರ್ಥ ಮಾತ್ರ ನಮ್ಮದೇ, ಹಲ್ಲು ಕಡಿಯುವುದು. ದೊಡ್ಡವರಲ್ಲಿ ಸುಮಾರು ನೂರಕ್ಕೆ ಎಂಟು ಮಂದಿ ನಿದ್ದೆಯಲ್ಲಿ ಹೀಗೆ ಮಾಡುತ್ತಾರಂತೆ. ಹೆಚ್ಚಿನವರಿಗೆ ಅದು ತಿಳಿಯುವುದು ಪಕ್ಕದಲ್ಲಿ ಮಲಗಿದವರಿಂದ. ಒಬ್ಬರೇ ಮಲಗುವವರಿಗೆ ಹಲ್ಲೇ ಹೇಳಬೇಕು.

ನನಗೆ ಹೆಚ್ಚು ಆಶ್ಚರ್ಯ ತಂದದ್ದು ಇನ್ನೊಂದು ಸಂಗತಿ. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದನ್ನೊಂದು ಮುಟ್ಟಿಕೊಂಡಿರುವುದೇ ಸರಿ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲವಂತೆ. ತುಟಿ ಕೂಡಿರಬೇಕು, ಹಲ್ಲು ಬಿಟ್ಟಿರಬೇಕು, ನಾಲಗೆಯ ತುದಿ ಮೇಲಿನ ಮುಂಬಲ್ಲಿನ ಹಿಂದೆ ಹಗುರವಾಗಿ ಒರಗಿರಬೇಕು. ಊಟ ಮಾಡುವಾಗ, ಉಗುಳು ನುಂಗುವಾಗ ತಾಗುವುದನ್ನೆಲ್ಲ ಸೇರಿಸಿದರೂ ದಿನಕ್ಕೆ ಇಪ್ಪತ್ತು ನಿಮಿಷದ ಆಸುಪಾಸು ಅಷ್ಟೇ. ಉಳಿದ ಹೊತ್ತೆಲ್ಲ ಹಲ್ಲಿಗೆ ರಜೆ. ಇದನ್ನು ಓದುತ್ತಿರುವಾಗ ನಿಮ್ಮ ಹಲ್ಲು ಎಲ್ಲಿದೆ, ಒಮ್ಮೆ ನೋಡಿಕೊಳ್ಳಿ.

ಇನ್ನು ನನ್ನ ಹಲ್ಲಿಗೆ ರಜೆ ಏಕಿರಲಿಲ್ಲ ಎಂಬ ಮಾತು. 2018ರಲ್ಲಿ ಅಮ್ಮನಿಗೆ ಮರೆವಿನ ಕಾಯಿಲೆ ಎಂದು ಗೊತ್ತಾಯಿತು. ಅಪ್ಪ ಹೋಗಿ ಆಗಲೇ ಬಹಳ ವರ್ಷವಾಗಿತ್ತು. ಅಣ್ಣ ಬೆಂಗಳೂರಿನಲ್ಲಿ, ತಮ್ಮ ಪುಣೆಯಲ್ಲಿ. ಇಬ್ಬರದೂ ಮೇಲಿನ ಅಂತಸ್ತಿನ ಫ್ಲ್ಯಾಟು, ಅಮ್ಮನಿಗೆ ಲಿಫ್ಟಿನ ಭಯ. ಹಾಗಾಗಿ ಅಮ್ಮ ನಮ್ಮ ಮನೆಗೆ ಬಂದಳು. ಬಂದದ್ದು ನನಗೆ ಸಂತೋಷವೇ. ಹಗಲು ಅವಳು ಸುಮ್ಮನೆ ಕೂತು ಅವರೆಕಾಳು ಬಿಡಿಸಿಕೊಡುತ್ತಿದ್ದಳು. ರಾತ್ರಿ ಎರಡು ಗಂಟೆಗೆ ಎದ್ದು ಸೀರೆ ಮಡಿಸಿ ಗಂಟು ಕಟ್ಟಿ, ‘ನಮ್ಮಮ್ಮ ಕಾಯ್ತಿರ್ತಾಳೆ, ಗಾಡಿ ಕಟ್ಟಿಸು’ ಎನ್ನುತ್ತಿದ್ದಳು. ‘ಬೆಳಗಾಗಲಿ ಅಮ್ಮ’ ಎಂದರೆ, ‘ನೀನ್ಯಾರಮ್ಮ ಹೇಳಕ್ಕೆ?’ ಎಂದು ಕೇಳುತ್ತಿದ್ದಳು. ಕೆಲವು ರಾತ್ರಿ ಚಿಲಕ ತೆಗೆದು ಬೀದಿಗೂ ಹೋಗಿಬಿಡುತ್ತಿದ್ದಳು. ನನ್ನ ಒಂದು ಕಿವಿ ಯಾವಾಗಲೂ ಚಿಲಕದ ಮೇಲೆ.

ಭಾನುವಾರ ಅಣ್ಣನ ಫೋನು. ‘ಅಮ್ಮ ಹೇಗಿದಾಳೆ? ನೀನಿದೀಯಲ್ಲ, ನಮಗೆ ನಿಶ್ಚಿಂತೆ.’ ನಾನು ‘ಹೂಂ ಅಣ್ಣ’ ಎನ್ನುತ್ತಿದ್ದೆ. ಆ ‘ಹೂಂ’ ಹೇಳುವುದಕ್ಕೆ ಬಾಯಿ ತೆರೆಯಬೇಕಾಗಿಲ್ಲ. ಹಲ್ಲು ಕಚ್ಚಿಕೊಂಡೇ ಹೇಳಬಹುದು.

2020 ಬಂತು. ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಜೂನ್ ಕೊನೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿದೆವು, ಬಾಗಿಲಲ್ಲಿ ನಿಂತು ಒಂದೊಂದು ಮಗುವಿನ ಹಣೆಗೂ ಯಂತ್ರ ಹಿಡಿದು. ಆಗಸ್ಟಿನಲ್ಲಿ ವಿದ್ಯಾಗಮ ಎಂದು ಊರೂರಿಗೆ ಹೋಗಿ ಗುಡಿಯ ಜಗಲಿ, ಮರದ ನೆರಳಿನಲ್ಲಿ ಪಾಠ ಹೇಳಿದೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. ದಿನಾ ಮನೆಗೆ ಬಂದು ಸ್ನಾನ ಮಾಡಿ, ಎಂಬತ್ತು ದಾಟಿದ ಅಮ್ಮನ ಹತ್ತಿರ ಹೋಗುವಾಗ ಎದೆ ಢವಢವ. ಆ ದಿನಗಳನ್ನು ನೀವೂ ಕಂಡಿದ್ದೀರಿ, ಹೆಚ್ಚು ಹೇಳಬೇಕಾಗಿಲ್ಲ. ಅಮೆರಿಕದಲ್ಲಿ 2021ರ ಫೆಬ್ರುವರಿಯಲ್ಲಿ ಅಲ್ಲಿನ ದಂತವೈದ್ಯರ ಸಂಘ ವೈದ್ಯರನ್ನು ವಿಚಾರಿಸಿದಾಗ, ಹಲ್ಲು ಕಡಿಯುವ, ಬಿಗಿಯುವ ರೋಗಿಗಳು ಹೆಚ್ಚಾಗಿದ್ದಾರೆ ಎಂದು ನೂರಕ್ಕೆ ಎಪ್ಪತ್ತಕ್ಕೂ ಮೇಲ್ಪಟ್ಟು ಮಂದಿ ಹೇಳಿದರು. ನಮ್ಮಲ್ಲಿ ಹಾಗೆ ಯಾರೂ ನನ್ನನ್ನು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ನಮ್ಮ ಬೀದಿಯ ಲೆಕ್ಕವನ್ನೇ ಕೊಡುತ್ತಿದ್ದೆ.

ಅಷ್ಟು ಹೊತ್ತಿಗೆ ದೇಹ ಒಂದೊಂದಾಗಿ ದೂರು ಸಲ್ಲಿಸತೊಡಗಿತ್ತು. ಬೆಳಿಗ್ಗೆ ಏಳುವಾಗಲೇ ಕಣತಲೆಯಲ್ಲಿ ನೋವು. ಹನ್ನೊಂದರ ಹೊತ್ತಿಗೆ ತಾನೇ ಇಳಿಯುತ್ತಿತ್ತು. ಎಡಗಿವಿಯಲ್ಲಿ ಚುಳುಕು. ಕಿವಿಯ ಡಾಕ್ಟರು ದೀಪ ಬಿಟ್ಟು ನೋಡಿ, ‘ಕಿವಿ ಕನ್ನಡಿ ಹಂಗಿದೆ’ ಎಂದರು. ಆಕಳಿಸಿದರೆ ಕಿವಿಯ ಮುಂದೆ ಟಕ್ ಎನ್ನುವ ಸದ್ದು. ತಣ್ಣೀರು ಕುಡಿದರೆ ಹಲ್ಲು ಜುಂ ಎನ್ನುವುದು. ನಾಲಗೆಯ ಅಂಚಿನಲ್ಲಿ ಕರ್ಜಿಕಾಯಿಯ ಅಂಚಿನಂತೆ ಏರಿಳಿತ. ಕೆನ್ನೆಯ ಒಳಗೆ ಒಂದು ಬಿಳಿಯ ಗೆರೆ. ತಲೆನೋವಿಗೆ ಮಾತ್ರೆ, ಕಿವಿಗೆ ಹನಿ, ಹಲ್ಲಿಗೆ ಜಾಹೀರಾತಿನ ಪೇಸ್ಟು. ಇವೆಲ್ಲಕ್ಕೂ ಯಜಮಾನ ಒಬ್ಬನೇ ಎಂದು ಯಾರಿಗೆ ಹೊಳೆಯಬೇಕು? ದವಡೆಯನ್ನು ಮುಚ್ಚುವ ದೊಡ್ಡ ಸ್ನಾಯು ಕೆನ್ನೆಯ ಹಿಂಭಾಗದಲ್ಲಿದೆ, ಅದರ ಜೊತೆಗಾರ ಕಣತಲೆಯಲ್ಲಿದೆ. ರಾತ್ರಿಯೆಲ್ಲ ಹಗ್ಗ ಎಳೆದವನಿಗೆ ಬೆಳಿಗ್ಗೆ ರಟ್ಟೆ ನೋಯುವಂತೆ ಅವು ನೋಯುತ್ತವೆ.

2021ರ ಸಂಕ್ರಾಂತಿ ಮುಗಿದ ವಾರ ಎಡಗಡೆಯ ಕೆಳದವಡೆಯ ಹಲ್ಲು ಬಿರುಕು ಬಿಟ್ಟಿತು. ಕಬ್ಬು ಕಡಿಯುವಾಗ ಅಲ್ಲ, ಎಳ್ಳುಬೆಲ್ಲದ ಗಟ್ಟಿ ಕೊಬ್ಬರಿಗೂ ಅಲ್ಲ. ಇಡ್ಲಿ ತಿನ್ನುವಾಗ. ಇಡ್ಲಿಗೆ ಹಲ್ಲು ಮುರಿದುಕೊಂಡವಳು ಎಂದು ನಮ್ಮವರು ಈಗಲೂ ನಗುತ್ತಾರೆ.

ಮೊದಲು ಹೋದದ್ದು ಬೇರೊಂದು ಊರಿನ ಕ್ಲಿನಿಕ್ಕಿಗೆ. ಅಲ್ಲಿ ಎಕ್ಸ್‌ರೇ ತೆಗೆದು, ಏನೂ ಕಾಣುತ್ತಿಲ್ಲ, ನಿಮ್ಮ ಹಲ್ಲುಗಳ ಕೂಡಿಕೆ ಸರಿಯಿಲ್ಲ, ನಾಲ್ಕು ಹಲ್ಲನ್ನು ಸ್ವಲ್ಪ ಸ್ವಲ್ಪ ಉಜ್ಜಿ ಸಮ ಮಾಡಿಬಿಡೋಣ ಎಂದರು. ಆಗಲೇ ಸವೆದ ಹಲ್ಲನ್ನು ಇನ್ನೂ ಸವೆಸುವುದೇ? ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ನಮ್ಮೂರಿನಲ್ಲೇ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದಂತವೈದ್ಯೆಯಾಗಿದ್ದಾಳೆ. ತರಗತಿಯಲ್ಲಿ ಬಹಳ ಮಾತಿನವಳು. ಕುರ್ಚಿಯ ಮೇಲೆ ಒರಗಿಸಿ, ‘ಮೂರು ವರ್ಷ ಬಾಯ್ಮುಚ್ಚು ಬಾಯ್ಮುಚ್ಚು ಅಂದ್ರಲ್ಲ ಮೇಡಂ, ಈಗ ನೀವು ಬಾಯಿ ತೆಗೀರಿ’ ಎಂದಳು.

ಅವಳು ನೋಡಿದ ಕ್ರಮ ನನಗೆ ಇಷ್ಟವಾಯಿತು, ಪರೀಕ್ಷೆ ಮಾಡಿದರೆ ಹಾಗೆ ಮಾಡಬೇಕು. ಪ್ಲಾಸ್ಟಿಕ್ಕಿನ ಒಂದು ಪುಟ್ಟ ಗೂಟದಂಥದನ್ನು ಒಂದೊಂದೇ ಹಲ್ಲಿನ ಮೊನೆಯ ಮೇಲೆ ಇಟ್ಟು ಕಚ್ಚಿಸಿದಳು. ಕಚ್ಚುವಾಗ ಏನೂ ಆಗಲಿಲ್ಲ. ಒಂದು ಹಲ್ಲಿನಲ್ಲಿ ಮಾತ್ರ, ಕಚ್ಚಿದ್ದನ್ನು ಬಿಡುವಾಗ ಮಿಂಚು ಹೊಡೆದಂತಾಯಿತು. ಹಾಗಾದರೆ ಅದೇ ಎಂದಳು. ಪಕ್ಕದಿಂದ ಬೆಳಕು ಹಾಯಿಸಿದಾಗ ಬೆಳಕು ಅರ್ಧಕ್ಕೆ ನಿಂತುಹೋಯಿತು. ಅಲ್ಲಿ ಕೂದಲೆಳೆಯಂಥ ಬಿರುಕು. ಎಕ್ಸ್‌ರೇಯಲ್ಲಿ ಇಂಥದ್ದು ಕಾಣುವುದು ಅಪರೂಪವಂತೆ. ಅದೃಷ್ಟಕ್ಕೆ ಬಿರುಕು ಬೇರಿಗೆ ಇಳಿದಿರಲಿಲ್ಲ, ಒಳಗಿನ ನರಕ್ಕೂ ತಾಗಿರಲಿಲ್ಲ. ನರಕ್ಕೆ ತಾಗಿದ್ದರೆ ರೂಟ್ ಕೆನಾಲ್, ಬೇರಿಗೆ ಇಳಿದಿದ್ದರೆ ಕೀಳಿಸುವುದೇ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುತ್ತಾರಲ್ಲ, ಹಾಗೆ ಸುತ್ತ ಒಂದು ಕ್ಯಾಪು ಹಾಕಿದಳು. ಐದು ವರ್ಷವಾಗುತ್ತ ಬಂತು, ಚಕ್ರ ಉರುಳುತ್ತಿದೆ.

ಕನ್ನಡಿ ಹಿಡಿದು ಉಳಿದ ಹಲ್ಲುಗಳನ್ನೂ ತೋರಿಸಿದಳು. ದವಡೆಹಲ್ಲಿನ ಗುಡ್ಡಗಳೆಲ್ಲ ಸವೆದು ಬಯಲಾಗಿದ್ದವು. ಹಲ್ಲಿನ ಹೊರಪದರ ಎನಾಮೆಲ್ ನಮ್ಮ ಇಡೀ ದೇಹದಲ್ಲೇ ಅತಿ ಗಟ್ಟಿಯಾದದ್ದು, ಮೂಳೆಗಿಂತ ಗಟ್ಟಿ. ನೂರಕ್ಕೆ ತೊಂಬತ್ತಾರು ಪಾಲು ಖನಿಜ. ಆದರೆ ದಪ್ಪ ಇರುವ ಕಡೆಯೂ ಎರಡೂವರೆ ಮಿಲಿಮೀಟರಿನ ಮೇಲಿಲ್ಲ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಕೆತ್ತಿದರೆ ಬೆಳೆಯುತ್ತದೆ. ಎನಾಮೆಲ್ ಹೋದದ್ದು ಹೋಯಿತು, ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಮುಗಿದಿರುತ್ತವೆ. ಅದರ ಕೆಳಗಿನ ಹಳದಿ ಪದರ ಮೆತ್ತಗೆ, ಅಲ್ಲಿಗೆ ಬಂದರೆ ಸವೆತ ಇನ್ನೂ ಬೇಗ. ಅನ್ನಕ್ಕೆ ಸವೆದರೆ ಒಂದು ನ್ಯಾಯ. ಹಲ್ಲಿಗೆ ಹಲ್ಲೇ ಸವೆಯುವುದು ಅನ್ಯಾಯ.

ಕೊನೆಗೆ ಅವಳು ಕೇಳಿದಳು, ‘ಟೆನ್ಷನ್ ಏನಾದ್ರೂ ಇದೆಯಾ ಮೇಡಂ ಮನೇಲಿ?’

‘ಏನಿಲ್ಲಮ್ಮ, ಎಲ್ಲ ಚೆನ್ನಾಗಿದೆ’ ಎಂದೆ.

ಅವಳು ನನ್ನ ಬೆರಳು ಹಿಡಿದು ನನ್ನದೇ ಕೆನ್ನೆಯ ಮೂಲೆಗೆ ಒತ್ತಿ, ‘ಇನ್ನೊಂದ್ಸಲ ಹೇಳಿ’ ಎಂದಳು. ಹೇಳಿದೆ. ‘ಏನಿಲ್ಲ’ ಮುಗಿಯುತ್ತಿದ್ದಂತೆ ಬೆರಳಿನ ಕೆಳಗೆ ಸ್ನಾಯು ಕಲ್ಲಿನಂತೆ ಉಬ್ಬಿತು.

ಮುಂದಿನ ಭಾನುವಾರ ಅಣ್ಣ ಎಂದಿನಂತೆ ‘ನಿಶ್ಚಿಂತೆ’ ಎಂದಾಗ ಬಾಯಿ ಬಿಟ್ಟೇ ಹೇಳಿದೆ. ‘ನಿಶ್ಚಿಂತೆ ಅನ್ನಬೇಡ ಅಣ್ಣ. ಮೂರು ವರ್ಷದಿಂದ ನಾನು ಒಂದು ರಾತ್ರಿ ಪೂರ್ತಿ ಮಲಗಿಲ್ಲ. ಎರಡು ತಿಂಗಳು ಅಮ್ಮನ್ನ ಕರ್ಕೊಂಡು ಹೋಗು. ಆಗಲ್ಲ ಅಂದ್ರೆ ರಾತ್ರಿಗೊಬ್ಬರನ್ನ ಇಡ್ತೀನಿ, ನೀನೂ ತಮ್ಮನೂ ದುಡ್ಡು ಕಳಿಸಿ.’ ಆ ಕಡೆ ಅತ್ತಿಗೆ ಟಿವಿ ಸದ್ದು ತಗ್ಗಿಸಿದ್ದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಅಣ್ಣ, ‘ಮೊದಲೇ ಹೇಳೋದಲ್ವಾ’ ಎಂದ.

ದುಡ್ಡು ಬಂತು. ರಾತ್ರಿ ಅಮ್ಮನ ಹತ್ತಿರ ಮಲಗಲು ಒಬ್ಬಾಕೆ ಬಂದರು, ಬಹಳ ಒಳ್ಳೆಯ ಹೆಂಗಸು. ಆದರೂ ಆ ‘ಮೊದಲೇ ಹೇಳೋದಲ್ವಾ’ ನನಗೆ ಇವತ್ತಿಗೂ ಹಿಡಿಸಿಲ್ಲ. ಹೆತ್ತ ತಾಯಿಗೆ ರಾತ್ರಿ ಇರುತ್ತದೆ ಎಂಬುದನ್ನು ಯಾರಾದರೂ ಹೇಳಬೇಕೇ?

ಕ್ಯಾಪಿನ ಜೊತೆಗೆ ರಾತ್ರಿ ಹಾಕಿಕೊಳ್ಳಲು ಒಂದು ಗಾರ್ಡ್ ಮಾಡಿಸಿದಳು. ಹಲ್ಲಿನ ಅಚ್ಚು ತೆಗೆದು ಮಾಡುವ, ಗಾಜಿನಂತೆ ಪಾರದರ್ಶಕವಾದ ಅಕ್ರಿಲಿಕ್ ಕವಚ. ಮೊದಲ ವಾರ ಬಾಯಲ್ಲಿ ಬಳೆಚೂರು ಇಟ್ಟುಕೊಂಡಂತೆ ಆಗುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಇದು ಹಲ್ಲು ಕಡಿಯುವುದನ್ನು ನಿಲ್ಲಿಸುವುದಿಲ್ಲ. ಏಟನ್ನು ತಾನು ತಿಂದು ಹಲ್ಲನ್ನು ಉಳಿಸುತ್ತದೆ, ಅಷ್ಟೇ. ವರ್ಷ ಕಳೆದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ ಅದರ ತುಂಬ ಗೀರು, ಕುಳಿ. ನನ್ನ ರಾತ್ರಿಗಳ ಹಾಜರಿ ಪುಸ್ತಕ ಅದು. ಗೈರುಹಾಜರಿ ಬಹಳ ಕಡಿಮೆ.

2022ರ ಕಾರ್ತಿಕದಲ್ಲಿ ಅಮ್ಮ ಹೋದಳು. ಕೊನೆಯ ವಾರ ನನ್ನನ್ನು ‘ಅಕ್ಕ’ ಎಂದು ಕರೆಯುತ್ತಿದ್ದಳು. ಹದಿನೈದು ದಿನದ ಕೆಲಸಗಳೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ, ಇನ್ನು ಚಿಲಕ ಕಾಯುವುದಿಲ್ಲವಲ್ಲ, ಹಲ್ಲಿಗೂ ವಿಶ್ರಾಂತಿ ಎಂದುಕೊಂಡೆ. ಗಾರ್ಡಿನ ಮೇಲೆ ಹೊಸ ಗೀರು ಬೀಳುತ್ತಲೇ ಇದ್ದವು, ಮೊದಲಿಗಿಂತ ಕಡಿಮೆ, ಆದರೂ ಇದ್ದವು. ಹೋಗಿ ತೋರಿಸಿದರೆ ನನ್ನ ಡಾಕ್ಟರಮ್ಮ ಪಾಠವನ್ನೇ ಮಾಡಿದಳು. ಮನಸ್ಸಿನ ಭಾರ ಒಂದು ಕಾರಣ ಮಾತ್ರವಂತೆ. ನಿದ್ದೆ ಅರೆಕ್ಷಣ ತಿಳಿಯಾದಾಗ ಎದೆಬಡಿತ ಏರುತ್ತದೆ, ಹಿಂದೆಯೇ ದವಡೆಯ ಸ್ನಾಯು ತಾಳ ಹಾಕುತ್ತದೆ. ಅದು ಮಿದುಳಿನ ಲೆಕ್ಕಾಚಾರ, ಮನೆತನದಲ್ಲೂ ಬರುತ್ತದೆ. ಸಂಜೆಯ ನಂತರದ ಕಾಫಿ, ಮದ್ಯ, ಬೀಡಿ ಸಿಗರೇಟು ಹೆಚ್ಚಿಸುತ್ತವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಬರಬಹುದು. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರಿಗೆ ಹೇಳಬೇಕು. ಜೋರು ಗೊರಕೆಯಿದ್ದು ನಡುವೆ ಉಸಿರು ಕಟ್ಟುವವರಲ್ಲೂ ಹಲ್ಲು ಕಡಿಯುವುದು ಕಾಣುತ್ತದೆ, ಅಂಥವರು ಮೊದಲು ಉಸಿರನ್ನು ನೋಡಿಸಬೇಕು. ‘ಟೆನ್ಷನ್ ಬಿಡಿ, ಎಲ್ಲ ಸರಿಹೋಗುತ್ತೆ’ ಎಂದು ಉಪದೇಶ ಮಾಡುವವರನ್ನು ಕಂಡರೆ ಅದಕ್ಕೇ ನನಗೆ ಆಗುವುದಿಲ್ಲ. ಟೆನ್ಷನ್ ಏನು ಕೈಚೀಲವೇ, ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಬರಲು?

ಕೊರಗು ಹಲ್ಲನ್ನು ಕಡಿಸುವುದಷ್ಟೇ ಅಲ್ಲ, ಬೇರೆ ದಾರಿಯಲ್ಲೂ ಬರುತ್ತದೆ. ಗಾಬರಿಯಲ್ಲಿ ಬಾಯಿ ಒಣಗುವುದು ನಮಗೆಲ್ಲ ಗೊತ್ತು. ಹಲ್ಲನ್ನು ಹುಳುಕಿನಿಂದ ಕಾಯುವುದು ಆ ಜೊಲ್ಲೇ. ರೋಗಿಯನ್ನು ನೋಡಿಕೊಳ್ಳುವವರು ರಾತ್ರಿ ಹಲ್ಲುಜ್ಜುವುದಿರಲಿ, ಊಟ ಮಾಡಿದರೇ ಹೆಚ್ಚು. ವಸಡಿನಲ್ಲಿ ರಕ್ತ ಕಂಡರೂ ಆಮೇಲೆ ನೋಡೋಣ ಎನ್ನುತ್ತಾರೆ. ನಮ್ಮ ಮನೆಗೆ ಬರುತ್ತಿದ್ದ ಆಕೆಯ ಬಾಯಿ ಹಾಗೇ ಆಗಿತ್ತು.

ನನ್ನ ಮಟ್ಟಿಗೆ ಹೆಚ್ಚು ಕೈಗೆ ಸಿಕ್ಕಿದ್ದು ಹಗಲಿನ ಕಚ್ಚುವಿಕೆ. ರಾತ್ರಿಯದು ನಮ್ಮ ವಶದಲ್ಲಿಲ್ಲ, ಹಗಲಿನದು ಒಂದಿಷ್ಟು ಇದೆ. ಹಗಲು ಸದ್ದು ಬರುವುದಿಲ್ಲ, ಬರೀ ಬಿಗಿಯುವುದು. ಯಾವಾಗ ಎಂದು ನೋಡುತ್ತ ಹೋದೆ. ಸೂಜಿಗೆ ದಾರ ಪೋಣಿಸುವಾಗ, ಈಳಿಗೆಮಣೆಯ ಮೇಲೆ ತೆಂಗಿನಕಾಯಿ ತುರಿಯುವಾಗ, ಹೆದ್ದಾರಿಯಲ್ಲಿ ಸ್ಕೂಟರಿನ ಪಕ್ಕ ಲಾರಿ ಬಂದಾಗ, ಮೊಬೈಲಿನಲ್ಲಿ ಇಲಾಖೆಯ ಸುತ್ತೋಲೆ ಓದುವಾಗ. ಎಲ್ಲಕ್ಕಿಂತ ಹೆಚ್ಚು ಉತ್ತರಪತ್ರಿಕೆ ತಿದ್ದುವಾಗ. ‘ರನ್ನನು ಬರೆದ ರಾಮಾಯಣ’ ಎಂದು ಓದಿದರೆ ಯಾರ ಹಲ್ಲು ತಾನೇ ಸುಮ್ಮನಿದ್ದೀತು?

ಕಂಡಲ್ಲೆಲ್ಲ ನೆನಪಾಗುವಂತೆ ಒಂದು ಗುರುತು ಅಂಟಿಸಿ ಎಂದಳು ಡಾಕ್ಟರಮ್ಮ. ಹೆಂಗಸರಿಗೆ ಅಂಟಿಸುವ ಗುರುತಿಗೆ ಕೊರತೆಯೇ? ಸ್ಟಿಕರ್ ಬಿಂದಿ. ಕನ್ನಡಿಯ ಮೂಲೆಗೊಂದು, ಫ್ರಿಜ್ಜಿಗೊಂದು, ಸ್ಕೂಟರಿನ ಹ್ಯಾಂಡಲಿಗೊಂದು, ಪತ್ರಿಕೆಗಳ ಕಟ್ಟಿನ ಮೇಲೊಂದು. ಬಿಂದಿ ಕಂಡಾಗ ತುಟಿ ಮುಚ್ಚಿ, ಹಲ್ಲು ಬಿಟ್ಟು, ಒಂದು ಉಸಿರು. ಜೊತೆಗೆ ಮಲಗುವ ಮೊದಲು ಕೆನ್ನೆಗೆ ಹತ್ತು ನಿಮಿಷ ಬಿಸಿಬಟ್ಟೆಯ ಶಾಖ, ನಾಲ್ಕರ ಮೇಲೆ ಕಾಫಿ ಬಂದ್. ದವಡೆ ಹೆಚ್ಚು ನೋಯುವ ದಿನ ಅಗಿಯುವ ಪದಾರ್ಥ ಬೇಡ ಎಂದಾಗ ನಾನು ನಕ್ಕೆ. ನಮ್ಮ ತುಮಕೂರು ಸೀಮೆಯಲ್ಲಿ ಇದಕ್ಕೆ ಔಷಧ ಮೊದಲೇ ಇದೆ. ರಾಗಿಮುದ್ದೆಯನ್ನು ಅಗಿದವನನ್ನು ಊರೇ ನೋಡಿ ನಗುತ್ತದೆ, ಅದನ್ನು ನುಂಗಬೇಕು. ಬಸ್ಸಾರಿನ ಜೊತೆ ಎರಡು ಮುದ್ದೆ ಇಳಿಸಿದರೆ ಹೊಟ್ಟೆಯೂ ತುಂಬಿತು, ದವಡೆಗೂ ರಜೆ.

ಈ ವಿಷಯ ಸ್ಟಾಫ್‌ರೂಮಿನಲ್ಲಿ ಹೇಳಿದ್ದೇ ತಡ, ಒಬ್ಬೊಬ್ಬರೂ ಕೆನ್ನೆ ಮುಟ್ಟಿಕೊಂಡರು. ಗಣಿತದ ಮೇಡಂ ಮೂರು ಸಲ ಹಲ್ಲಿನ ಫಿಲ್ಲಿಂಗ್ ಉದುರಿಸಿಕೊಂಡಿದ್ದಾರಂತೆ. ಅಡುಗೆ ಮಾಡುವ ಆಕೆ ಮಾತ್ರ, ‘ನಮ್ಮ ಹುಡ್ಗ ರಾತ್ರಿ ಹಲ್ಲು ಕಡೀತಾನೆ, ಹೊಟ್ಟೇಲಿ ಹುಳ ಮೇಡಂ’ ಎಂದರು. ಇದು ನಮ್ಮ ಊರುಗಳಲ್ಲಿ ಎಲ್ಲರೂ ಹೇಳುವ ಮಾತು. 2015ರಿಂದ ಜಂತುಹುಳ ನಿವಾರಣಾ ದಿನವೆಂದು ಶಾಲೆಯಲ್ಲೇ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ಅಗಿಸುತ್ತೇವೆ. ಅದು ಅಗತ್ಯ. ಆದರೆ ಮಾತ್ರೆ ನುಂಗಿದ ಮಕ್ಕಳೂ ಹಲ್ಲು ಕಡಿಯುತ್ತವೆ. ಹುಳಕ್ಕೂ ಹಲ್ಲಿಗೂ ಗಟ್ಟಿಯಾದ ನಂಟು ಸಾಬೀತಾಗಿಲ್ಲ. ಚಿಕ್ಕ ಮಕ್ಕಳಲ್ಲಿ ಇದು ಸಾಮಾನ್ಯ, ಬೆಳೆದಂತೆ ಬಹುಪಾಲು ತಾನೇ ಬಿಟ್ಟುಹೋಗುತ್ತದೆ. ಬಾಯಲ್ಲಿ ಉಸಿರಾಡುವ, ಗೊರಕೆ ಹೊಡೆಯುವ ಮಗುವಾದರೆ ಡಾಕ್ಟರಿಗೆ ತೋರಿಸಬೇಕು.

ಬೆಳೆದ ಮೇಲೂ ಬಿಡದವರುಂಟು. ಹೋದ ವರ್ಷ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ, ಓದಿನಲ್ಲಿ ಮುಂದು. ಡಿಸೆಂಬರಿನಿಂದ ಕಿವಿನೋವು ಎಂದು ಹತ್ತಿ ಇಟ್ಟುಕೊಂಡು ಬರುತ್ತಿದ್ದಳು. ಮೆಡಿಕಲ್ ಸ್ಟೋರಿನ ಹನಿ ಎರಡು ಬಾಟಲಿ ಮುಗಿದಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾನು ಕೊಠಡಿಯಲ್ಲಿ ತಿರುಗಾಡುತ್ತಿದ್ದಾಗ, ಬರೆಯುತ್ತಿದ್ದ ಅವಳ ಕೆನ್ನೆಯ ಮೂಲೆ ಮೀನಿನ ಕಿವಿರಿನಂತೆ ಅಲುಗುವುದು ಕಂಡಿತು. ಹತ್ತಿರ ಹೋಗಿ ಮೆಲ್ಲಗೆ, ‘ಹಲ್ಲು ಬಿಡು’ ಎಂದೆ. ಅವಳು ಗಾಬರಿಯಾಗಿ ನೋಡಿದಳು. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಮೂವತ್ತು ವರ್ಷದಿಂದ ‘ಯಾಕೋ ಹಲ್ಲು ಬಿಡ್ತೀಯಾ’ ಎಂದು ಗದರಿಸುತ್ತ ಬಂದ ಮೇಡಮ್ಮು ಹೀಗೆ ಹೇಳಿದರೆ ನಗದೇ ಇರುತ್ತಾರೆಯೇ?

ಪರೀಕ್ಷೆ ಮುಗಿದ ಮೇಲೆ ಮಾತಾಡಿಸಿದೆ. ಬಹಳ ಹೊತ್ತು ‘ಏನಿಲ್ಲ ಮಿಸ್’ ಎಂದಳು. ಆ ‘ಏನಿಲ್ಲ’ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಕೊನೆಗೆ ಹೊರಬಂತು. ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಸೈನ್ಸ್ ಓದಬೇಕೆಂಬ ಆಸೆ, ಮನೆಯಲ್ಲಿ ಬೇಡ ಎನ್ನುತ್ತಾರೆ. ‘ಕೇಳಿದೀಯಾ ಅಪ್ಪನ್ನ?’ ಎಂದರೆ, ಅಪ್ಪನ ಎದುರು ಮಾತಾ‌ಡೋದಿಲ್ಲ ಎಂದಳು. ತಾಯಿಯನ್ನು ಕರೆಸಿದೆ. ಸೀರೆಗೆ ಫಾಲ್ ಹಾಕಿಕೊಡುವ ಕೆಲಸ, ಬೆರಳ ತುದಿಯೆಲ್ಲ ಚುಚ್ಚಿದ ಗುರುತು. ಮೊದಲು ಕಿವಿಯ ಲೆಕ್ಕ ಮುಗಿಸೋಣ, ಹಾಸ್ಟೆಲಿನ ಮಾತನ್ನು ಅವರ ಯಜಮಾನರ ಎದುರು ನಾನೇ ಎತ್ತುತ್ತೇನೆ ಎಂದು ಹೇಳಿ ಇಬ್ಬರನ್ನೂ ನನ್ನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಅವಳು ಹುಡುಗಿಯ ಕೆನ್ನೆ ಒತ್ತಿ ನೋಡಿದಳು, ಬಾಯಿ ತೆರೆಸಿ ಕೋರೆಹಲ್ಲು ತೋರಿಸಿದಳು. ಹದಿನೈದು ವರ್ಷಕ್ಕೇ ಅದರ ಮೊನೆ ಚಪ್ಪಟೆಯಾಗಿತ್ತು. ಕಿವಿಯಲ್ಲಿ ಏನೂ ಇಲ್ಲ, ಇದು ದವಡೆಯ ನೋವು ಎಂದು ಬಿಡಿಸಿ ಹೇಳಿದಳು. ರಾತ್ರಿ ಶಾಖ ಕೊಡುವುದು, ಓದುವಾಗ ಪುಸ್ತಕಕ್ಕೆ ಬಿಂದಿ ಅಂಟಿಸಿಕೊಳ್ಳುವುದು, ಸದ್ಯಕ್ಕೆ ಅಷ್ಟೇ. ತಾಯಿ ಗೋಡೆಗೆ ಆತುಕೊಂಡು ಸುಮ್ಮನೆ ಕೇಳುತ್ತಿದ್ದರು. ಎಲ್ಲ ಮುಗಿದು ನಾವು ಏಳುವಾಗ ಎರಡೂ ಕೈಯಿಂದ ತಮ್ಮ ಕೆನ್ನೆ ಹಿಡಿದುಕೊಂಡು, ‘ನಂಗೂ ಬೆಳಿಗ್ಗೆ ಎದ್ದಾಗ ಹಿಂಗೇ ನೋಯುತ್ತೆ ಮೇಡಂ’ ಎಂದರು. ಡಾಕ್ಟರಮ್ಮ ಗ್ಲೌಸು ಬದಲಾಯಿಸಿ, ‘ಬನ್ನಿ, ಕೂತ್ಕೊಳ್ಳಿ’ ಎಂದು ದೀಪವನ್ನು ಅವರ ಕಡೆಗೆ ತಿರುಗಿಸಿದಳು.